ಒಂದಡಿ ಪಟ್ಟಿಯಲ್ಲಿ ‘ಕಥೆ’: ಮಕ್ಕಳ ಗ್ರಂಥಾಲಯಕ್ಕೊಂದು ಕೈಬರಹದ ಫಾಂಟ್

ಈ ಪ್ರಕರಣ ಮಲೆನಾಡಿನ ಅಂಚಿನಲ್ಲಿರುವ ಒಂದು ತಾಲ್ಲೂಕು ಕೇಂದ್ರದ ಮಕ್ಕಳ ಗ್ರಂಥಾಲಯಕ್ಕೆ ಸಂಬಂಧಿಸಿದ್ದು. ಊರು, ಗ್ರಂಥಾಲಯ, ಅಲ್ಲಿ ದುಡಿದವರು ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಕ್ಷರಗಳ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ. ವಿನ್ಯಾಸದ ಹೊಣೆ ನನ್ನದಾಗಿತ್ತು. ಕೆಳಗೆ ಬರುವ ತಪ್ಪು ನಿರ್ಧಾರಗಳಲ್ಲಿ ಹೆಚ್ಚಿನವು ನನ್ನವೇ ಆದ್ದರಿಂದ ಅವುಗಳನ್ನು ವಿವರವಾಗಿ ಬರೆಯುವ ಹಕ್ಕೂ ನನಗಿದೆ ಎಂದುಕೊಂಡಿದ್ದೇನೆ.

ಹಿನ್ನೆಲೆ

ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ತಮ್ಮ ಮನೆಯ ಮುಂಭಾಗದ ಹಜಾರದಲ್ಲಿ ಈ ಗ್ರಂಥಾಲಯವನ್ನು ಆರಂಭಿಸಿದ್ದರು. ನಂತರ ಅದಕ್ಕೊಂದು ಸಣ್ಣ ಟ್ರಸ್ಟ್ ಆಯಿತು. ಊರಿನವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಾರೆ, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಹೊರಗಿನ ಬೋರ್ಡನ್ನು ಅವರ ಹಳೆಯ ವಿದ್ಯಾರ್ಥಿಯೊಬ್ಬ ಮಾಡಿಸಿಕೊಟ್ಟಿದ್ದ. ಹಸಿರು ಹಿನ್ನೆಲೆ, ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಹೆಸರು, ಕೆಳಗೆ ಕನ್ನಡದಲ್ಲಿ ಸಣ್ಣದಾಗಿ ಅದೇ ಹೆಸರು.

ಇಂಗ್ಲಿಷ್ ಹೆಸರಿಗೆ ಆತ ಆರಿಸಿದ್ದು ಅಮಾಟಿಕ್ ಎಸ್‌ಸಿ ಎಂಬ ಫಾಂಟ್. ವರ್ನನ್ ಆಡಮ್ಸ್ ರೂಪಿಸಿದ, ಮುಕ್ತ ಪರವಾನಗಿಯಲ್ಲಿ ಸಿಗುವ ಈ ಫಾಂಟನ್ನು ನೀವು ಹೆಸರು ತಿಳಿಯದೆಯೂ ನೋಡಿರುತ್ತೀರಿ. ತೆಳುವಾದ, ಎತ್ತರದ, ತುಸು ಓರೆಕೋರೆಯ ದೊಡ್ಡಕ್ಷರಗಳು ಮಗುವೊಂದು ಚಾಕ್‌ನಲ್ಲಿ ಬರೆದಂತೆ ಕಾಣುತ್ತವೆ. ಅಕ್ಷರಗಳು ಕಿರಿದಾಗಿರುವುದರಿಂದ ಉದ್ದದ ಹೆಸರು ಸಣ್ಣ ಜಾಗದಲ್ಲಿಯೂ ದೊಡ್ಡದಾಗಿ ನಿಲ್ಲುತ್ತದೆ. ಕೈಬರಹದ ಗುಣವಿರುವುದರಿಂದ ‘ಇದು ಕಚೇರಿಯಲ್ಲ, ಒಳಗೆ ಬಾ’ ಎನ್ನುತ್ತದೆ. ಇಂಥ ಫಾಂಟುಗಳು ಓದುವ ಪುಟಕ್ಕಾಗಿ ಹುಟ್ಟಿದವಲ್ಲ. ಪುಸ್ತಕದ ರಕ್ಷಾಪುಟ, ಆಹ್ವಾನಪತ್ರಿಕೆ, ಜಾಮ್ ಬಾಟಲಿಯ ಚೀಟಿ, ಗೋಡೆಯ ಮೇಲಿನ ನಾಲ್ಕು ಪದ ಇವು ಅವುಗಳ ಜಾಗ.

ಸಮಸ್ಯೆ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಗಿ, ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು ಎಂದಾಯಿತು. ಟ್ರಸ್ಟುಗಳಿಗೂ ಇದು ಅನ್ವಯಿಸುತ್ತದೆ. ಸ್ಥಳೀಯ ಸಂಸ್ಥೆಯಿಂದ ಸೂಚನೆ ಬಂದಾಗ ಟೀಚರ್‌ಗೆ ಬೇಸರವಾಗಲಿಲ್ಲ, ತಾವಾಗಿಯೇ ಮಾಡಬೇಕಿದ್ದ ಕೆಲಸವೆಂದರು. ಆದರೆ ಕನ್ನಡದ ಸಾಲನ್ನು ಮೇಲಕ್ಕೆ ತಂದು ದೊಡ್ಡದು ಮಾಡಿದ ಮಾದರಿಯನ್ನು ಕಂಪ್ಯೂಟರಿನಲ್ಲಿ ತೋರಿಸಿದಾಗ ಅವರು ಸ್ವಲ್ಪ ಹೊತ್ತು ನೋಡಿ ಕೇಳಿದ ಪ್ರಶ್ನೆಯೇ ಈ ಪ್ರಕರಣದ ಆರಂಭ: “ಇಂಗ್ಲಿಷಿನಲ್ಲಿ ಆಟವಾಡುತ್ತಿರುವ ಹೆಸರು ಕನ್ನಡದಲ್ಲಿ ಏಕೆ ಸಹಕಾರ ಸಂಘದ ಬೋರ್ಡಿನಂತೆ ನಿಂತಿದೆ?”

ಅವರ ಮಾತು ನಿಜವಾಗಿತ್ತು. ಕನ್ನಡಕ್ಕೆ ಬಳಸಿದ್ದು ಕಂಪ್ಯೂಟರಿನಲ್ಲಿ ಮೊದಲೇ ಇರುವ ಸಾಧಾರಣ ಫಾಂಟು.

ಎರಡನೆಯ ಸಮಸ್ಯೆ ಒಳಗಿತ್ತು. ಪುಸ್ತಕದ ಕಪಾಟಿನ ಒಂದೊಂದು ಖಾನೆ ಒಂದಡಿ ಅಗಲ. ಅದರ ಅಂಚಿಗೆ ಮೂರಂಗುಲ ಎತ್ತರದ ಮರದ ಪಟ್ಟಿ. ‘ಪ್ರಾಣಿ ಪಕ್ಷಿಗಳ ಕಥೆಗಳು’ ಎಂದು ಆ ಒಂದಡಿಯಲ್ಲಿ ಬರೆಯಬೇಕು, ನಾಲ್ಕು ಹೆಜ್ಜೆ ದೂರದಿಂದ ಮಗುವಿಗೆ ಕಾಣಬೇಕು. ಮೂರಂಗುಲ ಎತ್ತರ ಕೈಯಲ್ಲಿದೆ, ಅಗಲವೇ ಇಲ್ಲ. ಕಿರಿದಾದ ಅಕ್ಷರ ಬೇಕಾದದ್ದು ಅಂದಕ್ಕಾಗಿ ಮಾತ್ರವಲ್ಲ ಎಂದು ನನಗೆ ಅರಿವಾದದ್ದು ಆ ಪಟ್ಟಿಗಳನ್ನು ಅಳೆದಾಗ.

ಮೊದಲ ಪ್ರಯತ್ನ: ಹಿಂಡುವುದು

ನಾನು ಸುಲಭದ ದಾರಿ ಹಿಡಿದೆ. ಇದ್ದ ಕನ್ನಡ ಫಾಂಟನ್ನೇ ಅಡ್ಡಕ್ಕೆ ಶೇ 60ಕ್ಕೆ ಇಳಿಸಿ, ಅಂಚುಗಳನ್ನು ತುಸು ಒರಟು ಮಾಡಿ, ಕೈಬರಹದಂತೆ ಕಾಣಿಸಿದೆ. ಪಟ್ಟಿಗಳು ಅಚ್ಚಾಗಿ ಬಂದವು, ಕಪಾಟಿಗೆ ಅಂಟಿಸಿಯೂ ಆಯಿತು.

ಮರುದಿನ ಎರಡನೆಯ ತರಗತಿಯ ಹುಡುಗಿಯೊಬ್ಬಳು ಕಪಾಟಿನ ಮುಂದೆ ನಿಂತು ‘ಕದೆ’ ಎಂದು ಓದಿದಳು. ಟೀಚರ್ ಮತ್ತೊಮ್ಮೆ ಓದಿಸಿದರು, ಅವಳು ಮತ್ತೆ ‘ಕದೆ’ ಎಂದಳು. ಪಕ್ಕದಲ್ಲಿ ನಿಂತು ನೋಡಿದ ನನಗೂ ಅದು ‘ಕದೆ’ಯೇ ಆಗಿತ್ತು. ‘ಪಾಠ’ ಎಂದು ಬರೆದಿದ್ದ ಪಟ್ಟಿ ಆ ದೂರದಿಂದ ‘ಪಾರ’ ಆಗಿತ್ತು.

ಕಾರಣ ಸರಳ. ಅಡ್ಡಕ್ಕೆ ಶೇ 60ಕ್ಕೆ ಇಳಿಸಿದಾಗ ನಿಂತಿರುವ ಗೆರೆಗಳ ದಪ್ಪವೂ ಶೇ 60ಕ್ಕೆ ಇಳಿಯುತ್ತದೆ, ಮಲಗಿರುವ ಗೆರೆಗಳ ದಪ್ಪ ಇದ್ದಂತೆಯೇ ಇರುತ್ತದೆ. ಅಕ್ಷರದ ಬದಿಗಳು ಬಡಕಲಾಗಿ, ತಲೆ ಮತ್ತು ಬುಡ ಭಾರವಾಗುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಒಳಗಿನ ಬಯಲು ಮುಚ್ಚಿಹೋಗುವುದು. ಕನ್ನಡದಲ್ಲಿ ಆ ಬಯಲಿನಲ್ಲಿಯೇ ಅರ್ಥವಿದೆ. ರ ಮತ್ತು ಠಗಳ ನಡುವೆ ಇರುವುದು ಒಂದು ಚುಕ್ಕೆ. ದ–ಧ, ಡ–ಢ, ಪ–ಫ ಜೋಡಿಗಳಲ್ಲಿ ವ್ಯತ್ಯಾಸವೆಂದರೆ ಶಾಲೆಯಲ್ಲಿ ನಾವೆಲ್ಲ ‘ಹೊಟ್ಟೆ ಸೀಳುವುದು’ ಎಂದು ಕಲಿತ ಆ ಸಣ್ಣ ಗೀರು. ಥ ಅಕ್ಷರಕ್ಕೆ ಚುಕ್ಕೆಯೂ ಬೇಕು, ಸೀಳೂ ಬೇಕು. ಅವೆರಡೂ ಮುಚ್ಚಿಹೋದರೆ ಉಳಿಯುವುದು ದ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬಹುಪಾಲು ನೇರ ಗೆರೆಗಳು, ಅವು ಹಿಂಡುವಿಕೆಯನ್ನು ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುತ್ತವೆ. ಉರುಟು ಹೊಟ್ಟೆಯ ಕನ್ನಡ ಅಕ್ಷರ ತಾಳಿಕೊಳ್ಳುವುದಿಲ್ಲ. ದೊಡ್ಡವರು ಸಂದರ್ಭದಿಂದ ಊಹಿಸಿ ‘ಕಥೆ’ ಎಂದೇ ಓದಿಕೊಳ್ಳುತ್ತಾರೆ. ಓದು ಕಲಿಯುತ್ತಿರುವ ಮಗು ಕಂಡದ್ದನ್ನು ಓದುತ್ತದೆ. ಆ ಹುಡುಗಿ ತಪ್ಪು ಓದಲಿಲ್ಲ, ನಾನು ತಪ್ಪು ಬರೆದಿದ್ದೆ.

ಎಲ್ಲ ಪಟ್ಟಿಗಳನ್ನೂ ಅಂದೇ ಕಿತ್ತೆವು.

ಎರಡನೆಯ ಪ್ರಯತ್ನ: ಇರುವುದರಲ್ಲಿ ಹುಡುಕುವುದು

ಮುಕ್ತವಾಗಿ ಸಿಗುವ ಕನ್ನಡ ಫಾಂಟುಗಳಲ್ಲಿ ನಗುಮುಖದವು ಇಲ್ಲದಿಲ್ಲ. ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ಬಳಗ ರೂಪಿಸಿದ ‘ಬಾಲೂ ತಮ್ಮ’ ದುಂಡಗೆ, ಗಟ್ಟಿಯಾಗಿ, ಮಕ್ಕಳ ಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ. ಎರಿನ್ ಮೆಕ್‌ಲಾಫ್ಲಿನ್ ಅವರ ‘ಹುಬ್ಬಳ್ಳಿ’ ಒಂದೇ ದಪ್ಪದ ಗೆರೆಯಲ್ಲಿ ಸಲೀಸಾಗಿ ಹರಿಯುತ್ತದೆ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನ್ನಡಕ’ ಕನ್ನಡ ಅಕ್ಷರದ ಆಕಾರದೊಂದಿಗೆ ಧೈರ್ಯವಾಗಿ ಪ್ರಯೋಗ ಮಾಡಿದೆ. ಮೂರನ್ನೂ ಪಟ್ಟಿಯ ಅಳತೆಯಲ್ಲಿ ಅಚ್ಚು ಹಾಕಿ ನೋಡಿದೆವು. ಮೂರೂ ಚೆನ್ನಾಗಿದ್ದವು, ಆದರೆ ಯಾವುದೂ ಕಿರಿದಾಗಿರಲಿಲ್ಲ. ಒಂದಡಿಯಲ್ಲಿ ಹಿಡಿಸಬೇಕಾದರೆ ಅಕ್ಷರವನ್ನು ಸಣ್ಣದು ಮಾಡಬೇಕಿತ್ತು. ಆಗ ಮೂರಂಗುಲದ ಪಟ್ಟಿಯಲ್ಲಿ ಅರ್ಧಕ್ಕರ್ಧ ಎತ್ತರ ಖಾಲಿ ಉಳಿಯುತ್ತಿತ್ತು, ದೂರದಿಂದ ಓದಲು ಆಗುತ್ತಿರಲಿಲ್ಲ. ಮತ್ತೆ ಹಿಂಡಲು ನಾನು ಒಪ್ಪಲಿಲ್ಲ.

ತಿರುವು: ಬೋರ್ಡು ಬರೆಯುವವರು

ಊರಿನಲ್ಲಿ ಅರವತ್ತು ದಾಟಿದ ಪೇಂಟರ್ ಒಬ್ಬರಿದ್ದರು. ಸುತ್ತಲಿನ ಶಾಲೆಗಳ ಗೋಡೆಗಳ ಮೇಲಿನ ವರ್ಣಮಾಲೆ, ಹಾಲಿನ ಡೇರಿಯ ಬೋರ್ಡು, ಲಾರಿಯ ಹಣೆಬರಹ ಎಲ್ಲವೂ ಅವರ ಕೈಯದು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಕಡಿಮೆಯಾಗಿ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಅವರನ್ನು ಕರೆಸೋಣವೆಂದು ಹೇಳಿದವರು ಟೀಚರ್. ನನಗೆ ಆ ಯೋಚನೆಯೇ ಬಂದಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಟ್ರಸ್ಟಿನ ಹಿರಿಯರೊಬ್ಬರಿಗೆ ಇದು ಒಪ್ಪಿಗೆಯಾಗಲಿಲ್ಲ. ಮಕ್ಕಳು ನೋಡುವ ಅಕ್ಷರ ಅಚ್ಚಿನ ಅಕ್ಷರವೇ ಆಗಿರಬೇಕು, ಕೈಬರಹಕ್ಕೆ ಗೌರವವಿಲ್ಲ ಎಂಬುದು ಅವರ ವಾದ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಹೊರಬಂತು. ಕಲ್ಲಚ್ಚೆಂದರೆ ಅಚ್ಚುಮೊಳೆ ಜೋಡಿಸುವುದಲ್ಲ, ಕೈಯಿಂದ ಬರೆದ ಅಕ್ಷರವನ್ನೇ ಕಲ್ಲಿನಿಂದ ಕಾಗದಕ್ಕೆ ಇಳಿಸುವುದು. ನಮ್ಮ ಪತ್ರಿಕೆಗಳ ಚರಿತ್ರೆ ಕೈಬರಹದಿಂದಲೇ ಆರಂಭವಾಗಿದೆ ಎಂದು ಅವರಿಗೆ ನೆನಪಿಸಿದೆ. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಒಂದು ಪಟ್ಟಿ ಬರೆಸಿ ನೋಡಲು ಬಿಟ್ಟರು.

ಪೇಂಟರ್ ಬಂದವರು ಮೊದಲು ಕೇಳಿದ್ದು ಪದವನ್ನಲ್ಲ, ಅಗಲವನ್ನು. ಆಮೇಲೆ ಪದ ಕೇಳಿ, ಅದರಲ್ಲಿ ಎಷ್ಟು ಒತ್ತು ಇವೆ ಎಂದು ಬೆರಳಿನಲ್ಲಿ ಎಣಿಸಿದರು. ದಾರಕ್ಕೆ ಚಾಕ್ ಪುಡಿ ಸವರಿ, ಎರಡು ತುದಿ ಹಿಡಿದು ಮೀಟಿ, ಎರಡರ ಬದಲು ನಾಲ್ಕು ಗೆರೆ ಹೊಡೆದರು. ಮೇಲಿನದು ತಲೆಕಟ್ಟಿಗೆ, ನಡುವಿನ ಎರಡು ಅಕ್ಷರದ ಮೈಗೆ, ಕೆಳಗಿನದು ಒತ್ತಿಗೆ. ಅವರು ಬರೆಯುವುದನ್ನು ನಾನು ಮೂರು ಮಧ್ಯಾಹ್ನ ಕುಳಿತು ನೋಡಿದೆ. ಕಂಪ್ಯೂಟರಿನ ಮುಂದೆ ತಿಂಗಳುಗಟ್ಟಲೆ ಕುಳಿತಾಗ ತಿಳಿಯದಿದ್ದದ್ದು ಅಲ್ಲಿ ತಿಳಿಯಿತು.

ಮೊದಲನೆಯದು ತಲೆಕಟ್ಟು. ಅಚ್ಚಿನ ಅಕ್ಷರದಲ್ಲಿ ತಲೆಕಟ್ಟಿನ ಬಲತುದಿ ಮೈಯನ್ನು ದಾಟಿ ಹೊರಚಾಚುತ್ತದೆ, ಅಗಲವನ್ನು ತಿನ್ನುವುದು ಅದೇ. “ಮೈ ಕುಗ್ಗಿಸುವ ಮೊದಲು ತಲೆ ಕತ್ತರಿಸಿ” ಎಂದರು. ಅವರ ತಲೆಕಟ್ಟು ಅರ್ಧ ಉದ್ದದ್ದು, ತುದಿ ಬಲಕ್ಕೆ ಹೋಗದೆ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯಿಂದಲೇ ಅರ್ಧ ತುಂಟತನ ಬಂದಿತ್ತು. ಎರಡನೆಯದು ಒತ್ತು. ಸಾಮಾನ್ಯ ಫಾಂಟಿನಲ್ಲಿ ಒತ್ತು ಅಕ್ಷರದ ಕೆಳಬಲಕ್ಕೆ ಕುಳಿತು ತನ್ನದೇ ಅಗಲ ಕೇಳುತ್ತದೆ. ಇವರು ಅದನ್ನು ನೇರವಾಗಿ ಅಕ್ಷರದ ಅಡಿಗೆ ತೂಗುಹಾಕುತ್ತಿದ್ದರು. ಹಾಗೆ ಮಾಡಿದಾಗ ಖರ್ಚಾಗುವುದು ಎತ್ತರ, ಅದು ನಮ್ಮ ಪಟ್ಟಿಯಲ್ಲಿ ಬೇಕಾದಷ್ಟಿತ್ತು. ಯ, ಮ ಮುಂತಾದ ಅಗಲದ ಅಕ್ಷರಗಳಲ್ಲಿ ಕೊನೆಯ ಸುರುಳಿಯನ್ನು ಚಿಕ್ಕದು ಮಾಡಿ ಮೇಲಕ್ಕೆ ಎತ್ತುತ್ತಿದ್ದರು.

ಹೀಗೆಲ್ಲ ಜಾಗ ಉಳಿಸಿದವರು ಠ, ಥ ಬಂದಾಗ ಮಾತ್ರ ಕೈ ಸಡಿಲಬಿಟ್ಟು ಅವುಗಳನ್ನು ಉಳಿದವುಗಳಿಗಿಂತ ಅಗಲವಾಗಿ ಬರೆದರು. ನಾನು ಕಾರಣ ಕೇಳಿದೆ.

“ಚುಕ್ಕೆ ಇರುವ ಅಕ್ಷರಕ್ಕೆ ಕಿಟಕಿ ಬೇಕಲ್ಲವೇ ಸರ್. ಕಿಟಕಿ ಮುಚ್ಚಿದರೆ ಒಳಗಿರುವವರು ಹೇಗೆ ಕಾಣುತ್ತಾರೆ?”

ನಾನು ಎಲ್ಲ ಅಕ್ಷರಗಳನ್ನೂ ಒಂದೇ ಪ್ರಮಾಣದಲ್ಲಿ ಕಿರಿದಾಗಿಸಿದ್ದೆ. ಅವರು ಯಾವ ಅಕ್ಷರ ಎಷ್ಟು ಬಿಟ್ಟುಕೊಡಬಲ್ಲದು ಎಂದು ಒಂದೊಂದನ್ನೂ ಕೇಳಿ ಕಿರಿದಾಗಿಸಿದ್ದರು. ಸಾಲಿನ ಒಟ್ಟು ಉದ್ದ ಎರಡರಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಗಿತ್ತು. ಕಿರಿದಾದ ಕನ್ನಡ ಅಕ್ಷರ ರೂಪಿಸಹೊರಟವರು ಉಳಿದುದೆಲ್ಲ ಮರೆತರೂ ಇದೊಂದನ್ನು ನೆನಪಿಡಬೇಕೆಂದು ನನ್ನ ಕೋರಿಕೆ.

ಬರಹವೋ ಫಾಂಟೋ

ಹೊರಗಿನ ಬೋರ್ಡನ್ನು ಅವರೇ ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದರು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಪಟ್ಟಿಗಳು ತಿಂಗಳಿಗೊಮ್ಮೆ ಬದಲಾಗುತ್ತವೆ. ಬೇಸಿಗೆ ಶಿಬಿರದ ಪೋಸ್ಟರ್, ಕಥೆ ಹೇಳುವ ದಿನದ ಆಹ್ವಾನ, ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿ ಇವಕ್ಕೆಲ್ಲ ಪ್ರತಿಬಾರಿ ಅವರನ್ನು ಕರೆಯಲಾಗದು. ನಲವತ್ತು ಪದಗಳನ್ನು ಬರೆಸಿ ಚಿತ್ರಗಳಾಗಿ ಇಟ್ಟುಕೊಳ್ಳೋಣ ಎಂದು ಹೊರಟೆವು. ನಲವತ್ತೊಂದನೆಯ ಪದ ಮರುವಾರವೇ ಬೇಕಾಯಿತು. ಆಗ ಫಾಂಟ್ ಮಾಡುವ ನಿರ್ಧಾರಕ್ಕೆ ಬಂದೆವು.

ಕೆಲಸ ಎಷ್ಟೆಂದು ಹೇಳಬೇಕು. ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಸಂಕೇತಗಳ ಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಜಾಗ ಮೀಸಲಾಗಿದೆ. ಅದರಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತವಿಲ್ಲ. ಅಕ್ಷರ, ನಡುವೆ ಸ್ವರವನ್ನು ಕಳೆಯುವ ‘ವಿರಾಮ’ ಚಿಹ್ನೆ (್), ಮತ್ತೊಂದು ಅಕ್ಷರ ಬಂದಾಗ ಒತ್ತಿನ ರೂಪವನ್ನು ತೋರಿಸುವುದು ಫಾಂಟಿನೊಳಗಿನ ಓಪನ್‌ಟೈಪ್ ನಿಯಮಗಳು. 34 ವ್ಯಂಜನಗಳು, ಅವುಗಳ ಒತ್ತುಗಳು, ಸ್ವರಗಳು ಇವಿಷ್ಟನ್ನು ಬರೆಸಿದರೆ ಸಾಲದು. ಕಿ, ಕೆ ಬರುವಾಗ ತಲೆಕಟ್ಟು ಕರಗಿ ಗುಡಿಸು ಅಥವಾ ಎತ್ವವಾಗುತ್ತದೆ. ಕೈಬರಹದಲ್ಲಿ ಆ ಕೂಡಿಕೆಯನ್ನು ಅಂಟಿಸಿ ಮಾಡಿದರೆ ಬೆಸುಗೆ ಕಾಣುತ್ತದೆ. ಆದ್ದರಿಂದ ಗುಡಿಸು ಮತ್ತು ಎತ್ವದ ರೂಪಗಳನ್ನು ಪ್ರತಿ ವ್ಯಂಜನಕ್ಕೂ ಬೇರೆಯಾಗಿಯೇ ಬರೆಸಿದೆವು. ದೀರ್ಘ ಮತ್ತು ಕೊಂಬನ್ನು ಮಾತ್ರ ಕೂಡಿಸಿಕೊಂಡೆವು. ಷ್ಟ್ರ, ಸ್ತ್ರದಂಥ ಎರಡು ಒತ್ತಿನ ಗುಂಪುಗಳನ್ನು ಬೇಕಾದಷ್ಟಕ್ಕೇ ಸೀಮಿತಗೊಳಿಸಿದೆವು.

ಇನ್ನೊಂದು ಸೂಕ್ಷ್ಮ. ‘ನಾನು ನನ್ನ ನಾಯಿ’ ಎಂಬ ಶೀರ್ಷಿಕೆಯಲ್ಲಿ ಎಲ್ಲ ನಕಾರಗಳೂ ಪಡಿಯಚ್ಚಿನಂತಿದ್ದರೆ ಅದು ಕೈಬರಹವೆಂದು ಯಾರೂ ನಂಬುವುದಿಲ್ಲ. ಹೆಚ್ಚು ಬರುವ ನ, ರ, ಲ, ದ, ತ, ಗ, ಕಗಳಿಗೆ ಎರಡೆರಡು ರೂಪ ಬರೆಸಿ, ಅವು ಸರದಿಯಲ್ಲಿ ಬರುವಂತೆ ನಿಯಮ ಇಟ್ಟೆವು. ಓದುವವರಿಗೆ ಇದು ಗೊತ್ತಾಗುವುದಿಲ್ಲ, ಆದರೆ ಇಲ್ಲದಿದ್ದರೆ ಏನೋ ಕೊರತೆಯೆನಿಸುತ್ತದೆ.

ಇಂಗ್ಲಿಷ್ ಅಕ್ಷರಗಳ ವಿಷಯದಲ್ಲಿ ಎಡವುವುದರಲ್ಲಿದ್ದೆವು. ಅಮಾಟಿಕ್‌ನ ಅಕ್ಷರಗಳನ್ನೇ ನಮ್ಮ ಫಾಂಟಿನೊಳಗೆ ತುಂಬೋಣ ಎಂದು ಸ್ವಯಂಸೇವಕಿಯೊಬ್ಬಳು ಸೂಚಿಸಿದಳು. ಅದರ ಪರವಾನಗಿ, ಅಂದರೆ ಎಸ್‌ಐಎಲ್ ಓಪನ್ ಫಾಂಟ್ ಪರವಾನಗಿ, ಉದಾರವಾದದ್ದು. ಬಳಸಬಹುದು, ತಿದ್ದಬಹುದು, ಹಂಚಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ. ಆದರೆ ಅದರಿಂದ ಹುಟ್ಟಿದ ಫಾಂಟನ್ನು ಹಂಚುವಾಗ ಅದೂ ಅದೇ ಪರವಾನಗಿಯಲ್ಲಿಯೇ ಇರಬೇಕು. ನಾವು ಸುತ್ತಲಿನ ಶಾಲೆಗಳಿಗೆ ಫಾಂಟನ್ನು ಕೊಡುವವರಿದ್ದೆವು. ಎರಡನ್ನೂ ಬೆರೆಸಿದರೆ ಪೇಂಟರ್ ಅವರ ಕೈಬರಹವೂ ಜಗತ್ತಿಗೆಲ್ಲ ಮುಕ್ತವಾಗುತ್ತದೆ. ಆ ನಿರ್ಧಾರ ನಮ್ಮದಲ್ಲ, ಅವರದು. ಅವರ ಮನೆಗೆ ಹೋಗಿ, ಅವರ ಮಗಳನ್ನೂ ಕೂರಿಸಿಕೊಂಡು, ಎಲ್ಲವನ್ನೂ ವಿವರಿಸಿದೆವು. ಬೋರ್ಡು ಬರೆಯುವ ಕೆಲಸ ಇನ್ನೂ ಅಲ್ಲೊಂದು ಇಲ್ಲೊಂದು ಬರುತ್ತಿದೆ, ತನ್ನ ಅಕ್ಷರ ಫ್ಲೆಕ್ಸ್ ಅಂಗಡಿಯಲ್ಲಿ ಪುಕ್ಕಟೆ ಸಿಕ್ಕರೆ ತನ್ನನ್ನು ಕರೆಯುವವರು ಯಾರು ಎಂದು ಅವರು ಕೇಳಿದರು. ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಫಾಂಟ್ ಗ್ರಂಥಾಲಯ ಮತ್ತು ಸರ್ಕಾರಿ ಶಾಲೆಗಳಿಗೆ ಮಾತ್ರ, ಬರಹಕ್ಕೆ ಅವರಿಗೆ ಸಂಭಾವನೆ, ಇಂಗ್ಲಿಷ್ ಬೇಕಾದಾಗ ಅಮಾಟಿಕ್ ಪ್ರತ್ಯೇಕವಾಗಿ ಎಂದು ಕಾಗದದಲ್ಲಿ ಬರೆದುಕೊಂಡೆವು. ಮುಕ್ತ ಫಾಂಟುಗಳಿಂದಲೇ ಅನ್ನ ತಿನ್ನುತ್ತಿರುವ ನನಗೆ ಈ ನಿರ್ಧಾರ ಇಂದಿಗೂ ಪೂರ್ತಿ ಸಮಾಧಾನ ತಂದಿಲ್ಲ. ಆದರೂ ಅದು ಸರಿಯಾದದ್ದೇ ಎನ್ನುತ್ತೇನೆ.

ಬಳಕೆಯಲ್ಲಿ ಏನಾಯಿತು

ಪಟ್ಟಿಗಳು ಗೆದ್ದವು. ‘ಪ್ರಾಣಿ ಪಕ್ಷಿಗಳ ಕಥೆಗಳು’ ಒಂದಡಿಯಲ್ಲಿ ಪೂರ್ತಿ ಎತ್ತರದಲ್ಲಿ ನಿಂತಿತು. ಅಂಟಿಸುವ ಮೊದಲು ಈ ಬಾರಿ ಎರಡು ಮತ್ತು ಮೂರನೆಯ ತರಗತಿಯ ಮಕ್ಕಳಿಂದ ಓದಿಸಿದೆವು. ಕಥೆ, ಪಾಠ, ಒಗಟು, ಗಾದೆ, ವಿಜ್ಞಾನ ಎಲ್ಲವನ್ನೂ ಓದಿದರು. ವಿಜ್ಞಾನದ ಜ್ಞ ಬಳಿ ಕೆಲವರು ತಡವರಿಸಿದರು, ಅವರು ಪಠ್ಯಪುಸ್ತಕದಲ್ಲಿಯೂ ಅಲ್ಲಿ ತಡವರಿಸುತ್ತಾರೆಂದು ಟೀಚರ್ ಹೇಳಿದರು.

ಪೋಸ್ಟರ್ ಅಚ್ಚು ಹಾಕಿಸುವಾಗ ಪೆಟ್ಟು ಬಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿಯೂ ಹಾಗೆಯೇ ಕಾಣಲೆಂದು ನಾವು ಅಕ್ಷರಗಳನ್ನು ಆಕೃತಿಗಳಾಗಿ ಪರಿವರ್ತಿಸಿದ ಪಿಡಿಎಫ್ ಕಳುಹಿಸಿದ್ದೆವು, ಅದು ಸರಿಯಾಗಿತ್ತು. ಕೊನೆಯ ಗಳಿಗೆಯಲ್ಲಿ ದಿನಾಂಕ ಬದಲಾದಾಗ ಅಂಗಡಿಯವರಿಗೆ ಫಾಂಟನ್ನೇ ಕೊಟ್ಟು ಒಂದು ಸಾಲು ತಿದ್ದಲು ಹೇಳಿದೆ. ಅವರ ವಿನ್ಯಾಸ ತಂತ್ರಾಂಶ ಹಳೆಯದು, ಯೂನಿಕೋಡ್ ಕನ್ನಡದ ನಿಯಮಗಳನ್ನು ಓದುತ್ತಿರಲಿಲ್ಲ. ‘ಅಜ್ಜಿಯ’ ಎಂಬುದರ ಒತ್ತು ಕಳಚಿ, ಎರಡು ಜಕಾರಗಳು ಅಕ್ಕಪಕ್ಕ ನಿಂತ ಐವತ್ತು ಪೋಸ್ಟರುಗಳು ಬಂದವು. ಮರುಮುದ್ರಣದ ಖರ್ಚು ನಾನೇ ಕೊಟ್ಟೆ. ಅಂದಿನಿಂದ ಒಂದು ಅಕ್ಷರ ಬದಲಾದರೂ ಹೊಸ ಪಿಡಿಎಫ್ ನಮ್ಮಿಂದಲೇ ಹೋಗುತ್ತದೆ.

ಎರಡು ಸಾಲಿನ ಶೀರ್ಷಿಕೆಗಳೂ ಕಾಡಿದವು. ಒತ್ತನ್ನು ಅಡಿಗೆ ತೂಗುಹಾಕಿದ ಫಾಂಟಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಸಾಲಿನ ಅಂತರ ಹೆಚ್ಚಿಸಿದರೆ ಎರಡು ಸಾಲು ಎರಡು ಬೇರೆ ಶೀರ್ಷಿಕೆಗಳಂತೆ ಕಾಣುತ್ತವೆ. ಪೇಂಟರ್ ಇದಕ್ಕೆ ಒತ್ತು ಇಳಿಯುವ ಜಾಗದ ಕೆಳಗೆ ಗುಡಿಸಿಲ್ಲದ ಅಕ್ಷರ ಬರುವಂತೆ ಸಾಲನ್ನು ಎಡಕ್ಕೋ ಬಲಕ್ಕೋ ಸರಿಸುತ್ತಾರೆ. ಅದಕ್ಕೆ ನಿಯಮ ಬರೆಯಲು ನನ್ನಿಂದಾಗಲಿಲ್ಲ. ಎರಡು ಸಾಲಿನ ಶೀರ್ಷಿಕೆಯನ್ನು ಈಗಲೂ ಕಣ್ಣಿನಿಂದ ನೋಡಿ, ಕೈಯಿಂದ ಸರಿಸಿ ಜೋಡಿಸುತ್ತೇವೆ.

ಗೆಲುವಿನ ನಂತರದ ತಪ್ಪು

ನಿಜವಾದ ತಪ್ಪು ಎಲ್ಲ ಸರಿಯಾದ ಮೇಲೆ ಆಯಿತು. ಫಾಂಟ್ ಎಲ್ಲರಿಗೂ ಅಷ್ಟು ಇಷ್ಟವಾಯಿತು ಎಂದರೆ ಸದಸ್ಯತ್ವದ ಅರ್ಜಿ, ಗ್ರಂಥಾಲಯದ ನಿಯಮಗಳು, ತಿಂಗಳ ವಾರ್ತಾಪತ್ರ ಎಲ್ಲವೂ ಅದರಲ್ಲಿಯೇ ಬರತೊಡಗಿದವು. ಹನ್ನೆರಡು ಪಾಯಿಂಟಿನಲ್ಲಿ, ಅಂದರೆ ಓದುವ ಪುಟದ ಸಣ್ಣ ಅಕ್ಷರದ ಅಳತೆಯಲ್ಲಿ, ಎರಡು ಪುಟ. ನಾನು ನೋಡಿಯೂ ಸುಮ್ಮನಿದ್ದೆ, ಜನ ಪ್ರೀತಿಯಿಂದ ಬಳಸುತ್ತಿದ್ದುದನ್ನು ಬೇಡವೆನ್ನಲು ಮನಸ್ಸಾಗಲಿಲ್ಲ. ಮೊಮ್ಮಗನನ್ನು ಸೇರಿಸಲು ಬಂದ ಅಜ್ಜ ಒಬ್ಬರು ಅರ್ಜಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ನನಗೆ ಓದಲು ಬರುವುದಿಲ್ಲ ಎಂದು ಹೇಳಿ ಹಿಂದಿರುಗಿಸಿದರು. ಅವರು ಪ್ರತಿದಿನ ಪತ್ರಿಕೆ ಓದುವವರೆಂದು ಟೀಚರ್‌ಗೆ ಗೊತ್ತಿತ್ತು. ಅಂದು ಸಂಜೆ ಟೀಚರ್ ನನಗೆ ಫೋನ್ ಮಾಡಿ ಕೇಳಿದರು: “ಮಕ್ಕಳಿಗೆ ಬಾಗಿಲು ತೆರೆಯಲು ಮಾಡಿದ ಅಕ್ಷರ ಹಿರಿಯರಿಗೆ ಬಾಗಿಲು ಹಾಕಬಹುದೇ?”

ನಂತರ ನಾವು ಒಂದು ಹಾಳೆಯಲ್ಲಿ ನಿಯಮ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದೆವು. ಈ ಫಾಂಟು ಐದು ಪದಗಳವರೆಗೆ ಮಾತ್ರ. ಅರ್ಧ ಅಂಗುಲಕ್ಕಿಂತ ಚಿಕ್ಕದಾಗಿ ಬೇಡ. ವಿಳಾಸ, ಫೋನ್ ಸಂಖ್ಯೆ, ಔಷಧ ಅಥವಾ ಸುರಕ್ಷತೆಯ ಸೂಚನೆ ಇದರಲ್ಲಿ ಬೇಡ. ಒಂದನೆಯ ತರಗತಿಯವರಿಗಾಗಿ ಬರೆದ ಅಕ್ಷರಮಾಲೆಯ ಚಾರ್ಟಿನಲ್ಲಿ ಖಂಡಿತ ಬೇಡ, ಅಕ್ಷರದ ಮೂಲ ರೂಪ ಮನಸ್ಸಿಗಿಳಿಯುವ ಮೊದಲು ಅದರ ತುಂಟ ರೂಪ ತೋರಿಸಬಾರದು. ಓದುವ ಪುಟಗಳಿಗೆಲ್ಲ ನೋಟೋ ಸಾನ್ಸ್ ಕನ್ನಡ ಎಂಬ ಸಾದಾ ಫಾಂಟ್ ಬಳಸುತ್ತೇವೆ. ಪುಸ್ತಕದ ಬೆನ್ನಿನ ಚೀಟಿಗೆ ಅರ್ಧ ಅಂಗುಲ ಸಿಗದ ಕಾರಣ, ಅಲ್ಲಿಗೆ ಗೆರೆ ತುಸು ತೆಳುವಾಗಿರುವ, ಥ ಮತ್ತು ಧಗಳ ಸೀಳು ಇನ್ನಷ್ಟು ತೆರೆದಿರುವ ಎರಡನೆಯ ಆವೃತ್ತಿ ತಯಾರಾಗುತ್ತಿದೆ.

ಕಳೆದ ತಿಂಗಳು ಮೀನುಗಳ ಬಗೆಗಿನ ಪುಸ್ತಕಗಳ ಖಾನೆಗೆ ‘ಮತ್ಸ್ಯಲೋಕ’ ಎಂದು ಪಟ್ಟಿ ಬೇಕಾಯಿತು. ತಕಾರಕ್ಕೆ ಸಕಾರದ ಒತ್ತು, ಅದಕ್ಕೆ ಯಕಾರದ ಒತ್ತು. ನಾವು ಬರೆಸಿಟ್ಟ ಗುಂಪುಗಳಲ್ಲಿ ಅದಿರಲಿಲ್ಲ. ಪೇಂಟರ್ ಬಂದು ಕಾಗದದ ಮೇಲೆ ಬರೆದುಕೊಟ್ಟರು. ಹೋಗುವ ಮುನ್ನ ಕಪಾಟಿನ ಪಟ್ಟಿಗಳನ್ನೆಲ್ಲ ಒಮ್ಮೆ ನೋಡುತ್ತ ನಡೆದು, ಮೂರನೆಯ ಖಾನೆಯ ಮುಂದೆ ನಿಂತು, ಅಲ್ಲಿನ ‘ಯ’ದ ಸುರುಳಿ ತನಗೆ ಒಪ್ಪಿಗೆಯಾಗಿಲ್ಲ, ಆ ದಿನ ಕುಂಚ ಹೊಸದಿತ್ತು ಎಂದರು. ಬರುವ ಸೋಮವಾರ ಹೊಸ ‘ಯ’ ಬರೆದುಕೊಡುತ್ತಾರೆ.